ಬೆನ್ನು ಕೊಟ್ಟು ನಿಲ್ಲುವ ಕೆಲಸ

“ಆಗಂಗಿಲ್ಲ ಅನ್ನೂದು ಮನುಷ್ಯಾಗ ಇಷ್ಟ್ಯಾಕ ಕಷ್ಟ ಅದ?”

ಹಲಸೂರಿನ ಗಲ್ಲಿಯೊಂದರ ಬಾಯಲ್ಲಿ, ಹಳದಿ ಬ್ಯಾರಿಕೇಡಿನ ಪಕ್ಕ ನಿಂತು ಕಾನ್‌ಸ್ಟೇಬಲ್ ಭೀಮಾಶಂಕರ ಗಟ್ಟಿಯಾಗಿಯೇ ಕೇಳಿದ. ಉತ್ತರ ಕೊಡಲು ಅಲ್ಲಿ ಯಾರೂ ಇರಲಿಲ್ಲ. ಬ್ಯಾರಿಕೇಡಿನ ಮೇಲೆ ಕುಳಿತಿದ್ದ ಕಾಗೆ ಕತ್ತು ಓರೆ ಮಾಡಿ ಅವನನ್ನು ನೋಡಿತು. ಆಮೇಲೆ, ಇದು ನನ್ನ ಸರಹದ್ದಿನ ಕೇಸಲ್ಲ ಎಂಬಂತೆ ಹಾರಿಹೋಯಿತು.

ಭೀಮಾಶಂಕರನಿಗೆ ದೇವರು ಆರಡಿ ದೇಹ ಕೊಟ್ಟಿದ್ದ, ಬಾಗಿಲಿನಂಥ ಎದೆ ಕೊಟ್ಟಿದ್ದ, ನಾಲಗೆಗೆ ಮಾತ್ರ ಒಂದೇ ಮಾತು ಕೊಟ್ಟಿದ್ದ: “ಹ್ಞೂಂ ರೀ.” ಯಾರದೋ ರಾತ್ರಿ ಪಾಳಿ ಇವನು ಮಾಡಬೇಕೇ? ಹ್ಞೂಂ ರೀ. ಯಾರದೋ ಗಣಪತಿ ಬಂದೋಬಸ್ತಿಗೆ ಇವನು ಹೋಗಬೇಕೇ? ಹ್ಞೂಂ ರೀ. ಹೀಗೆ ಕಂಡವರಿಗೆಲ್ಲ ಹೂಂಗುಟ್ಟಿ ಹೂಂಗುಟ್ಟಿ, ಶಹಾಪುರದಲ್ಲಿ ನಡೆಯಬೇಕಾಗಿದ್ದ ಅವನ ಸ್ವಂತ ಮದುವೆಯ ನಿಶ್ಚಯವೇ ಎರಡು ಸಲ ಮುಂದೆ ಹೋಗಿತ್ತು. ಹುಡುಗಿ ರೇವತಿ ಅಲ್ಲಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಿಲ್ ಟೀಚರ್. ಆ ಬೆಳಿಗ್ಗೆ, ಅವನು ರಾಮಮೂರ್ತಿ ನಗರದ ಬಾಡಿಗೆ ಕೋಣೆಯಲ್ಲಿ ಬೂಟಿಗೆ ಪಾಲಿಶ್ ಹಚ್ಚುತ್ತಿದ್ದಾಗಲೇ ಅವಳ ಫೋನು ಬಂದಿತ್ತು.

“ಅನ್ರಿ ನೋಡೂಣು: ಆಗಂಗಿಲ್ಲ.”

“ಆಗಂಗಿಲ್ಲ ಅಂತ ಅನಸ್ತದ್ರೀ.”

“ಅನಸ್ತದ ಬ್ಯಾಡ. ಸೀದಾ ಅನ್ರಿ.”

“ಆಗಂಗಿಲ್ಲ... ರೀ.”

“ರೀ ತೆಗೀರಿ! ನಮ್ಮ ಆರನೇ ಕ್ಲಾಸಿನ ಹುಡುಗ್ಯಾರು ನಿಮಗಿಂತ ಛಲೋ ಅಂತಾರ. ಕೇಳ್ರಿ, ಇವತ್ತು ಅಮಾಸಿ. ಗುರುವಾರ ಬಿದಗಿ. ನಮ್ಮಪ್ಪ ಎರಡು ಸಲ ಮಂದಿ ಮುಂದ ತಲಿ ತಗ್ಗಿಸ್ಯಾನ. ಮೂರನೇ ಸಲ ತಗ್ಗಸಂಗಿಲ್ಲ. ಗುರುವಾರ ನೀವು ಬಂದ್ರ ನಿಶ್ಚಯ. ಬರಲಿಲ್ಲ ಅಂದ್ರ ನಿಮ್ಮ ಬ್ಯಾರಿಕೇಡಿನ ಜೋಡಿನೇ ಲಗ್ನ ಆಗ್ರಿ.”

ಸ್ಟೇಷನ್ನಿನ ಇನ್‌ಸ್ಪೆಕ್ಟರ್ ಅಜ್ಮತ್ ಸಾಹೇಬರ ಮುಂದೆ ಈ ಕಷ್ಟ ತೋಡಿಕೊಂಡಾಗ ಅವರೂ ಕರಗಿದ್ದರು. “ನೋಡೋ ಭೀಮಾ, ಇವತ್ತಿನ ಬಂದೋಬಸ್ತು ಮುಗೀಲಿ. ನಿನ್ನ ಪಾಯಿಂಟಿಂದ ಒಂದೇ ಒಂದು ಕಂಪ್ಲೇಂಟ್ ಬರಬಾರದು. ಸಾಯಂಕಾಲ ರಜಾ ಸ್ಯಾಂಕ್ಷನ್, ರಾತ್ರಿ ಬಸ್ಸು ಹತ್ತು, ಗುರುವಾರ ಮದುಮಗ. ಮಂಜೂರಾ?”

“ಹ್ಞೂಂ ರೀ ಸರ.”

“ಅರೇ, ಅದನ್ನೇ ಇವತ್ತು ಯಾರಿಗೂ ಹೇಳ್ಬೇಡ ಅಂತ ಹೇಳ್ತಿರೋದು ಕಣೋ!”

ಬಂದೋಬಸ್ತು ಇದ್ದದ್ದು ಸಾಮಾನ್ಯದವರಿಗಲ್ಲ. ಹಿಂದೂ ಮಹಾಸಾಗರದ ಪುಟ್ಟ ದ್ವೀಪದೇಶವೊಂದರ ಅಧ್ಯಕ್ಷರು ಬೆಂಗಳೂರಿಗೆ ಬಂದಿದ್ದರು. ನಕಾಶೆಯಲ್ಲಿ ಆ ದೇಶ ಸಾಸಿವೆ ಕಾಳಿನಷ್ಟೇ ಇರಬಹುದು. ಆದರೆ ಅಧ್ಯಕ್ಷರನ್ನು ಕಾಯಲೆಂದೇ ಅದು ಇಟ್ಟುಕೊಂಡಿದ್ದ ಪೊಲೀಸು ಪಡೆ ಮಾತ್ರ ಒಗ್ಗರಣೆಗೆ ಬಿದ್ದ ಸಾಸಿವೆಯಂತೆ ಚಟಪಟ ಎನ್ನುತ್ತಿತ್ತು. ಕಪ್ಪು ಸೂಟು, ಕಿವಿಗೆ ತಂತಿ, ಕಣ್ಣಿಗೆ ಕಪ್ಪು ಕನ್ನಡಕ. ಅಧ್ಯಕ್ಷರಿಗಿಂತ ಹದಿನೈದು ದಿನ ಮುಂಚೆಯೇ ಬಂದಿಳಿದು, ಹಲಸೂರಿನ ಚರಂಡಿಯ ಮುಚ್ಚಳಗಳನ್ನೆಲ್ಲ ಅವರು ಎತ್ತಿ ನೋಡಿದ್ದರು. ನಮ್ಮ ಪಾಲಿಕೆಯವರೇ ಇಷ್ಟು ವರ್ಷದಲ್ಲಿ ಎತ್ತಿರಲಿಲ್ಲ. ಆ ಪಡೆಯ ಮುಖ್ಯಸ್ಥನ ಹೆಸರನ್ನು ಉಚ್ಚರಿಸಲು ಬಾರದೆ ಸ್ಟೇಷನ್ನಿನವರೆಲ್ಲ ಅವನನ್ನು ‘ಕಪ್ಪು ಕನ್ನಡಕ’ ಎಂದೇ ಕರೆಯುತ್ತಿದ್ದರು.

ಹಿಂದಿನ ದಿನ ಆ ಕಪ್ಪು ಕನ್ನಡಕ ನಮ್ಮವರನ್ನೆಲ್ಲ ಸಾಲಾಗಿ ನಿಲ್ಲಿಸಿ ಪಾಠ ಹೇಳಿದ್ದ. ಕಾಯುವವನು ತಾನು ಕಾಯುವವರನ್ನು ನೋಡಕೂಡದು. ಅಪಾಯ ಬರುವುದು ಅಧ್ಯಕ್ಷರ ಮುಖದಿಂದಲ್ಲ, ಜನರ ಕೈಗಳಿಂದ. ಆದ್ದರಿಂದ ಬೆನ್ನು ರಸ್ತೆಗೆ, ಮುಖ ಗಲ್ಲಿಗೆ, ಕಣ್ಣು ಜನರ ಕೈ ಮೇಲೆ. ಆಕಾಶವೇ ಕಳಚಿ ಬಿದ್ದರೂ ತಿರುಗುವಂತಿಲ್ಲ.

ಅಜ್ಮತ್ ಸಾಹೇಬರು ಇದನ್ನು ಕನ್ನಡಕ್ಕೆ ತಂದರು. “ಅರ್ಥ ಆಯ್ತೇನ್ರೋ? ಗಾಡಿ ನೋಡ್ಬೇಡಿ, ಪಬ್ಲಿಕ್ ನೋಡಿ. ನೀವು ತಿರುಗಿದ್ರೆ ಕಪ್ಪು ಕನ್ನಡಕ ನೋಡ್ತಾನೆ, ಆಮೇಲೆ ಕಮಿಷನರ್ ನನ್ನ ನೋಡ್ತಾರೆ, ಆಮೇಲೆ ನಾನು ನಿಮ್ಮನ್ನ ನೋಡ್ಕೋತೀನಿ.”

ಪುರಾಣ ಕೇಳಿದವರಿಗೆ ಗೊತ್ತು: ವೈಕುಂಠದ ಬಾಗಿಲಿಗೂ ಕಾವಲಿನವರಿದ್ದರು. ತಡೆಯಬಾರದವರನ್ನು ತಡೆದು ಶಾಪ ತಿಂದರು. ಬಾಗಿಲು ಕಾಯುವವನ ಹಣೆಬರಹವೇ ಅಷ್ಟು. ತಡೆದರೆ ಒಂದು, ಬಿಟ್ಟರೆ ಇನ್ನೊಂದು.

ಮೊದಲು ಬಂದವಳು ಪಿಳ್ಳಮ್ಮ.

ಗಲ್ಲಿಯ ಮೊದಲ ಮನೆ ಅವಳದು. ಹಲಸೂರು ಇನ್ನೂ ಹಳ್ಳಿಯಾಗಿದ್ದಾಗ ಅವಳ ಮಾವನವರು ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಎರಡಂತಸ್ತಿನ ಮನೆ, ಮೇಲೊಂದು ತಾರಸಿ. ಎಂಬತ್ತರ ಹತ್ತಿರದ ಮುದುಕಿ, ಸೊಂಟ ಬಾಗಿದ್ದರೂ ಬಾಯಿ ನೆಟ್ಟಗಿತ್ತು. ಕೈಯಲ್ಲಿ ರಂಗೋಲಿ ಡಬ್ಬಿ.

“ಏನಪ್ಪಾ ಪೊಲೀಸಪ್ಪ, ರಸ್ತೆ ಮೇಲೆ ಒಂದೇ ಒಂದು ರಂಗೋಲಿ ಬಿಟ್ಬಿಡ್ತೀನಿ. ಪರದೇಶದ ನೆಂಟ್ರು ನಮ್ಮನೆ ಮುಂದೆ ಹೋಗ್ತಾವ್ರೆ, ನೆಲ ಬೋಳಾಗಿದ್ರೆ ಚೆಂದಾನಾ?”

“ಅಜ್ಜಿ, ಅಲ್ಲಿ ಹೋಗಾಕ...”

“ಎರಡೇ ನಿಮಿಷ ಕಣಪ್ಪ. ನಮ್ಮನೆ ಬಾಗಿಲಿಗೆ ಬಂದೋರನ್ನ ನಾವು ಯಾವತ್ತೂ ಇಲ್ಲ ಅಂದೋರಲ್ಲ. ಮೇಲ್ಗಡೆ ರೂಮಲ್ಲಿ ಕಾಲೇಜು ಹುಡುಗ್ರು ಬಾಡಿಗೆಗಿದ್ರು ಆಗ. ಧಾರವಾಡದೋರು, ಕೇರಳದೋರು, ಸಮುದ್ರದಾಚೆಯೋರು. ಎಲ್ರಿಗೂ ಮುದ್ದೆ ನುಂಗೋದು ಕಲಿಸ್ದೋಳು ನಾನೇ. ಒಬ್ಬ ಅಂತೂ ಅಗಿದೂ ಅಗಿದೂ ದವಡೆ ಊದಿಸ್ಕೊಂಡಿದ್ದ. ನಿನಗೂ ಮಧ್ಯಾಹ್ನಕ್ಕೆ ಮುದ್ದೆ ಬಸ್ಸಾರು ಕಳಿಸ್ತೀನಿ. ಬಿಡಪ್ಪ.”

ರೊಟ್ಟಿಯ ಸೀಮೆಯವನಾದರೂ ಭೀಮಾಶಂಕರನ ಕರುಳು ಚುರುಕ್ ಎಂದಿತು. “ಹ್ಞೂಂ ರೀ ಅಜ್ಜಿ.”

ಎರಡು ನಿಮಿಷದ ರಂಗೋಲಿ ಅರ್ಧ ರಸ್ತೆಗೆ ಹಬ್ಬಿತು. ಪಿಳ್ಳಮ್ಮ ನವಿಲಿಗೆ ಬಾಲ ಬಿಡಿಸುತ್ತಿರುವಾಗಲೇ ಕಪ್ಪು ಸೂಟಿನವರ ಜೀಪು ಬಂದು ಕೀಚಲು ದನಿಯಲ್ಲಿ ನಿಂತಿತು. ಅಧ್ಯಕ್ಷರು ಹಾದುಹೋಗುವ ದಾರಿಯಲ್ಲಿ ಗುರುತು ಪರಿಚಯವಿಲ್ಲದ ಬಿಳಿ ಪುಡಿ! ಕಪ್ಪು ಕನ್ನಡಕ ಕೈಗವಸು ಹಾಕಿ, ಮೊಣಕಾಲೂರಿ, ನವಿಲಿನ ಕೊಕ್ಕಿನಿಂದ ಚಿಟಿಕೆ ಪುಡಿಯನ್ನು ಚಿಮಟದಲ್ಲಿ ಎತ್ತಿ ಗಾಜಿನ ನಳಿಗೆಗೆ ಹಾಕಿಕೊಂಡ. ನೀರಿನ ಟ್ಯಾಂಕರ್ ಬಂತು. ನವಿಲು ಚರಂಡಿಯ ದಾರಿ ಹಿಡಿಯಿತು.

“ಅದು ಕಲ್ಲಿನ ಪುಡಿ ಕಣ್ರಯ್ಯಾ! ನಿಮ್ಮನೇಲಿ ಹೆಣ್ಮಕ್ಕಳು ಇಲ್ವಾ?” ಎಂದು ಪಿಳ್ಳಮ್ಮ ಕೂಗಿದಳು.

ಅಜ್ಮತ್ ಸಾಹೇಬರು ಓಡಿಬಂದು ಭೀಮಾಶಂಕರನ ಕಿವಿಯ ಹತ್ತಿರ ಬಾಯಿಟ್ಟರು. “ಒಂದು ಆಯ್ತು. ಶಹಾಪುರದ ಬಸ್ಸಿನ ಒಂದು ಚಕ್ರ ಪಂಕ್ಚರ್ ಅಂತ ತಿಳ್ಕೋ.”

ಗಲ್ಲಿಯೊಳಗೆ ಟೀ ಅಂಗಡಿಯ ಫಹೀಮ್ ಲೋಟ ತೊಳೆಯುತ್ತ ಇದನ್ನೆಲ್ಲ ನೋಡುತ್ತಿದ್ದ. “ಭಾಯ್, ಒಂದು ಮಾತು ಹೇಳ್ಲಾ? ನಿಮ್ಮ ಮುಖಾನೇ ಸರಿಯಿಲ್ಲ. ನೋಡಿದ ತಕ್ಷಣ ಏನಾದ್ರೂ ಕೇಳೋಣ ಅನ್ಸುತ್ತೆ. ಪೊಲೀಸ್ ಮುಖ ಅಂದ್ರೆ ಮುಚ್ಚಿರೋ ಶಟರ್ ಥರ ಇರ್ಬೇಕು. ನಿಮ್ದು ಇಪ್ಪತ್ನಾಲ್ಕು ಗಂಟೆ ಓಪನ್.”

ಭೀಮಾಶಂಕರ ಹುಬ್ಬು ಗಂಟಿಕ್ಕಿ ಶಟರ್ ಎಳೆದುಕೊಂಡ. ಅದು ಪೂರ್ತಿ ಇಳಿಯುವಷ್ಟರಲ್ಲೇ ಎದುರಿಗೆ ಮುನಿಆಂಜನಪ್ಪ ನಿಂತಿದ್ದರು.

ಮುನಿಆಂಜನಪ್ಪನವರು ಆ ಗಲ್ಲಿಯ ಹಿರಿಯರು. ಅಪ್ಪನ ಕಾಲದ ಹೊಲದಲ್ಲಿ ಈಗ ನಾಲ್ಕು ಕಟ್ಟಡ ಬೆಳೆದಿದ್ದರಿಂದ ಅವರಿಗೆ ಬಾಡಿಗೆ ವಸೂಲಿ ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಹಾಗಾಗಿ ಎಲ್ಲರ ಕೆಲಸವೂ ಅವರದೇ. ಬಿಳಿ ಶರಟು, ಬಿಳಿ ಪಂಚೆ, ಹಣೆಯಲ್ಲಿ ಅಗಲ ನಾಮ, ತೋಳಿನಲ್ಲಿ ಎಳೆಗೂಸಿನಂತೆ ಅಪ್ಪಿಕೊಂಡ ಬೂದುಗುಂಬಳಕಾಯಿ.

“ಸಾರ್, ಹೊಸ ಕಾರು ತಗೊಂಡಿದ್ದೀನಿ. ಗಲ್ಲಿಯೋರ ಕಣ್ಣೆಲ್ಲ ಅದರ ಮೇಲೆ. ಅಮಾವಾಸ್ಯೆ ದಿನ ದೃಷ್ಟಿ ತೆಗೆದು ಮೂರು ದಾರಿ ಕೂಡೋ ಕಡೆ ಇದನ್ನ ಒಡೀಬೇಕು. ಈಗ ಒಡೆಯೋಕೆ ನೀವು ಬಿಡಲ್ಲ, ನನಗೆ ಗೊತ್ತು. ನಾನೂ ಕಾನೂನು ಗೊತ್ತಿರೋ ಮನುಷ್ಯ. ಗಾಡಿಗಳು ಹೋದ ತಕ್ಷಣ ಒಡೆದುಬಿಡ್ತೀನಿ. ಅಲ್ಲೀವರ್ಗೂ ಇಲ್ಲೇ ನಿಮ್ಮ ಕಾಲ ಹತ್ರ ಇರ್ಲಿ. ದೃಷ್ಟಿ ತೆಗೆದಿರೋ ಕಾಯಿ, ವಾಪಸ್ ಮನೆಯೊಳಗೆ ತಗೊಂಡು ಹೋಗಂಗಿಲ್ಲ. ನಿಮಗೂ ಗೊತ್ತಲ್ಲ?”

ಗೊತ್ತಿತ್ತು. ತೆಗೆದ ದೃಷ್ಟಿಯನ್ನು ಮತ್ತೆ ಹೊಸಿಲು ದಾಟಿಸುವುದು ಯಾವ ಊರಲ್ಲೂ ಇಲ್ಲ. ಇದರಲ್ಲಿ ಬಿಡುವುದೇನೂ ಇಲ್ಲ, ಇಟ್ಟುಕೊಳ್ಳುವುದಷ್ಟೇ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು ಭೀಮಾಶಂಕರ ಹೂಂಗುಟ್ಟಿದ. ಮುನಿಆಂಜನಪ್ಪನವರು ಕುಂಬಳಕಾಯಿಯನ್ನು ಬ್ಯಾರಿಕೇಡಿನ ಬುಡದಲ್ಲಿಟ್ಟು, ಅದಕ್ಕೆ ಕೈಮುಗಿದು ಹೋದರು.

ಕಾಲು ಗಂಟೆಯಲ್ಲಿ ಲೋಹ ಪತ್ತೆಯ ಕೋಲು ಹಿಡಿದವರು ರಸ್ತೆಯ ಅಂಚನ್ನು ಸವರುತ್ತ ಬಂದರು. ಕೋಲು ಕುಂಬಳಕಾಯಿಯ ಮೇಲೆ ಹಾಯ್ದದ್ದೇ ಕುಂಯ್ಯೋ ಎಂದು ಅಳತೊಡಗಿತು. ಯಾಕೆ ಅಳುವುದಿಲ್ಲ? ಶಾಸ್ತ್ರದಂತೆ ಕಾಯಿಯ ನೆತ್ತಿಗೆ ಚೌಕಾಕಾರದ ತೂತು ಕೊರೆದು, ಒಳಗೆ ಕುಂಕುಮ ತುಂಬಿ, ಚಿಲ್ಲರೆ ಕಾಸು ಹಾಕಿ, ಮತ್ತೆ ಅದೇ ಮುಚ್ಚಳ ಮುಚ್ಚಲಾಗಿತ್ತು.

ಆಮೇಲೆ ನಡೆದದ್ದನ್ನು ಹಲಸೂರು ಬಹಳ ದಿನ ಹಾಡಿಕೊಂಡಿತು. ಸೀಟಿ, ಓಟ, ಹಗ್ಗ. ಮರಳಿನ ಚೀಲಗಳ ನಡುವೆ ಕುಂಬಳಕಾಯಿ ಗರ್ಭಗುಡಿಯ ಮೂರ್ತಿಯಂತೆ ಒಂಟಿಯಾಗಿ ಕುಳಿತಿತು. ಶ್ವಾನದಳದ ನಾಯಿ ಬಂದು, ಗಂಭೀರವಾಗಿ ಮೂಸಿ, ಮುಚ್ಚಳ ಸರಿಸಿ ಒಂದು ಸೀನು ಸೀನಿತು. ಮುಖದ ತುಂಬ ಕುಂಕುಮ ಬಳಿದುಕೊಂಡು, ಅರಿಸಿನ ಕುಂಕುಮಕ್ಕೆ ಹೋಗಿ ಬಂದ ಮುತ್ತೈದೆಯಂತೆ ಹಿಂತಿರುಗಿತು.

ಅಜ್ಮತ್ ಸಾಹೇಬರು ಶಿವಾಜಿನಗರದಲ್ಲಿ ಹುಟ್ಟಿ ಬೆಳೆದವರು. ಅಮಾವಾಸ್ಯೆಯ ಮಾರನೆಯ ದಿನ ಒಡೆದ ಕುಂಬಳಕಾಯಿಯ ಮೇಲೆ ಸ್ಕೂಟರ್ ಜಾರಿ ಮೊಣಕಾಲಿನ ಚಿಪ್ಪನ್ನು ಕಾಣಿಕೆ ಕೊಟ್ಟವರು. ಅವರೇ ಮುಂದೆ ನಿಂತು ಕಪ್ಪು ಕನ್ನಡಕಕ್ಕೆ ಇಂಗ್ಲಿಷಿನಲ್ಲಿ ವಿವರಿಸಿದರು.

“ಇದು ಬಾಂಬಲ್ಲ ಸರ್. ಕೆಟ್ಟ ಕಣ್ಣು ತೆಗೆಯೋ ಕಾಯಿ.”

“ಕಣ್ಣು ಯಾರದು?”

“ಅಕ್ಕಪಕ್ಕದೋರದು.”

“ಅಕ್ಕಪಕ್ಕದವರಿಗೆ ಅಧ್ಯಕ್ಷರ ಮೇಲೆ ದ್ವೇಷವಿದೆಯೇ?”

“ಇಲ್ಲ ಸರ್. ಮುನಿಆಂಜನಪ್ಪನ ಕಾರಿನ ಮೇಲೆ.”

ಕಪ್ಪು ಕನ್ನಡಕ ಕತ್ತೆತ್ತಿ ಕಿಟಕಿಗಳಲ್ಲಿ ಕಿಕ್ಕಿರಿದಿದ್ದ ಅಕ್ಕಪಕ್ಕದವರನ್ನೆಲ್ಲ ಒಂದು ಸುತ್ತು ನೋಡಿದ. ಅವರೂ ಅವನನ್ನು ನೋಡಿದರು. ಅವನು ತನ್ನ ಜೀಪನ್ನು ಸ್ವಲ್ಪ ಹಿಂದಕ್ಕೆ ತೆಗೆಸಿದ.

“ಎರಡಾಯ್ತು,” ಎಂದರು ಅಜ್ಮತ್ ಸಾಹೇಬರು, ಬೆವರು ಒರೆಸಿಕೊಳ್ಳುತ್ತ. “ಇನ್ನು ರಸ್ತೆ ಬಂದ್. ಈಗ್ಲಿಂದ ಗಲ್ಲಿ ಕಡೆ ಮುಖ ಮಾಡಿ ನಿಂತ್ಕೋ, ಸೀಟಿ ಊದೋವರ್ಗೂ ತಿರುಗಬೇಡ. ಸಮಝಾ?”

ಭೀಮಾಶಂಕರ ರಸ್ತೆಗೆ ಬೆನ್ನು ಕೊಟ್ಟು, ಕೈ ಚಾಚಿ, ಗಲ್ಲಿಯ ಬಾಯಿಗೆ ಅಡ್ಡವಾಗಿ ಲೆವೆಲ್ ಕ್ರಾಸಿಂಗಿನ ಗೇಟಿನಂತೆ ನಿಂತ. ಎದುರಿಗೆ ಫಹೀಮನ ಟೀ ಅಂಗಡಿ, ಕುಂಬಳಕಾಯಿ ಕಳೆದುಕೊಂಡು ಮುಖ ಊದಿಸಿಕೊಂಡ ಮುನಿಆಂಜನಪ್ಪ, ಬಾಗಿಲಲ್ಲಿ ಕುರ್ಚಿ ಹಾಕಿ ಕುಳಿತ ಪಿಳ್ಳಮ್ಮ. ಒಳಗಿನವರು ಒಬ್ಬರೂ ಅವನನ್ನು ದಾಟಲಿಲ್ಲ.

ಆದರೆ ಕೇಡು ಬಂದದ್ದು ಬೆನ್ನ ಹಿಂದಿನಿಂದ.

“ಅಣ್ಣಾ, ಸ್ವಲ್ಪ ದಾರಿ ಬಿಡಿ. ಒಳಗೆ ಪಿಳ್ಳಮ್ಮನ ಮನೆಗೆ ಹೋಗ್ಬೇಕು. ಎರಡೇ ನಿಮಿಷ,” ಎಂದಿತು ಒಂದು ಹೆಣ್ಣು ದನಿ. ರಸ್ತೆಯಾಚೆ ಸಿಕ್ಕಿಬಿದ್ದ ಸೊಸೆಯೋ ಮೊಮ್ಮಗಳೋ ಇರಬೇಕು. ತಿರುಗಿ ನೋಡುವಂತಿಲ್ಲ. ಭೀಮಾಶಂಕರ ಬಲಗೈ ಎತ್ತಿದ. ಅವಳು ಕಂಕುಳ ಕೆಳಗೆ ನುಸುಳಿ ಒಳಗೆ ಹೋದಳು.

“ಸಾರ್, ಪಿಳ್ಳಮ್ಮನ ಮನೆಗೆ ತರಕಾರಿ.” ಕೈ ಎತ್ತಿದ.

“ಪಿಳ್ಳಮ್ಮನಿಗೆ ಬಿಪಿ ಮಾತ್ರೆ ಗುರು, ಅರ್ಜೆಂಟು.” ಕೈ ಎತ್ತಿದ.

“ಪಿಳ್ಳಮ್ಮನ ತಮ್ಮ ನಾನು.” “ನಾನು ತಮ್ಮನ ಷಡ್ಡಕ.” “ನಾನು ಇವರ ಜೊತೆ.” ಭೀಮಾಶಂಕರನ ಕೈ ಬಾವಿಯ ಏತದಂತೆ ಮೇಲೆ ಕೆಳಗೆ ಆಡತೊಡಗಿತು. ಮುದುಕಿಗೆ ಎಷ್ಟು ದೊಡ್ಡ ಬಳಗ, ಪುಣ್ಯವಂತೆ ಎಂದುಕೊಂಡ.

ಆ ಬಳಗವೆಲ್ಲ ಹೋದದ್ದು ಪಿಳ್ಳಮ್ಮನ ತಾರಸಿಗೆ. ಅಧ್ಯಕ್ಷರ ಗಾಡಿಗಳು ಕಾಣುವ ತಾರಸಿ ಆ ಬೀದಿಗೆಲ್ಲ ಅದೊಂದೇ. ಖಾಲಿ ಇರಬೇಕೆಂದು ಕಪ್ಪು ಕನ್ನಡಕ ಕೆಂಪು ಶಾಯಿಯಲ್ಲಿ ಗುರುತು ಹಾಕಿಕೊಂಡಿದ್ದ ತಾರಸಿಯೂ ಅದೇ. ಅವನು ದುರ್ಬೀನಿನಲ್ಲಿ ನೋಡಿದರೆ ಅಲ್ಲಿ ಜಾತ್ರೆ ಸೇರಿತ್ತು. ಯಾರೋ ಕಡಲೆಕಾಯಿ ಬೇರೆ ಸುಲಿಯುತ್ತಿದ್ದರು.

ತಾರಸಿ ಖಾಲಿ ಮಾಡಿಸಿ ಇಳಿದು ಬಂದಾಗ ಅಜ್ಮತ್ ಸಾಹೇಬರ ದನಿ ಇಷ್ಟೇ ಇಷ್ಟಾಗಿತ್ತು. ಕೂಗುವ ಸಾಹೇಬರಿಗಿಂತ ಪಿಸುಗುಡುವ ಸಾಹೇಬರೇ ಹೆಚ್ಚು ಅಪಾಯ ಎಂಬುದು ಸ್ಟೇಷನ್ನಿಗೆಲ್ಲ ಗೊತ್ತು.

“ಭೀಮಾ. ಬೇಟಾ. ಇದೇ ಕೊನೆ. ಇನ್ನು ಮುಂದಿಂದ ಬರ್ಲಿ, ಹಿಂದಿಂದ ಬರ್ಲಿ, ಆಕಾಶದಿಂದ ಇಳೀಲಿ. ಪಿಳ್ಳಮ್ಮನ ಮನೆ ಅಂತ ಯಾರಾದ್ರೂ ಅಂದ್ರೋ, ನಿನ್ನ ಬಾಯಲ್ಲಿ ಒಂದೇ ಮಾತು ಬರಬೇಕು. ಯಾವ್ದು?”

“ಆಗಂಗಿಲ್ಲ... ರೀ.”

“ಇನ್ನೊಂದು ಸಲ ಕೈ ಎತ್ತಿದ್ಯೋ, ಗುರುವಾರ ನೀನು ಶಹಾಪುರದಲ್ಲಿ ಅಲ್ಲ, ಇದೇ ಗಲ್ಲೀಲಿ ಮದುಮಗ.”

ಭೀಮಾಶಂಕರ ಕಣ್ಣು ಮುಚ್ಚಿದ. ಮನಸ್ಸಿನಲ್ಲಿ ರೇವತಿಯ ಸೀಟಿ ಕೇಳಿಸಿತು. ‘ರೀ ತೆಗೀರಿ.’ ಚಿಕ್ಕಂದಿನಲ್ಲಿ ಮಠದಲ್ಲಿ ಸ್ವಾಮಿ ಅಪ್ಪಗಳು ಹೇಳಿಕೊಟ್ಟ ಮಂತ್ರದಂತೆ ಜಪಿಸಿದ: ಆಗಂಗಿಲ್ಲ, ಆಗಂಗಿಲ್ಲ, ಆಗಂಗಿಲ್ಲ. ಜಪಿಸುತ್ತ ಜಪಿಸುತ್ತ ಬೆನ್ನು ನೆಟ್ಟಗಾಯಿತು, ದವಡೆ ಬಿಗಿಯಿತು, ಮುಖದ ಶಟರ್ ಕರಕರ ಎಂದು ಪೂರ್ತಿ ಕೆಳಗಿಳಿದು ಬೀಗ ಹಾಕಿಕೊಂಡಿತು.

“ವ್ಹಾ ಭಾಯ್!” ಎಂದ ಫಹೀಮ್, ಫೋನು ತೆಗೆದು ವಿಡಿಯೊ ಹಿಡಿಯುತ್ತ. “ಈಗ ಬಂತು ನೋಡಿ ಪೊಲೀಸ್ ಮುಖ.”

ದೂರದಲ್ಲಿ ಸೈರನ್ ಕೇಳಿಸಿತು. ನೆತ್ತಿಯ ಮೇಲಿನ ಸೂರ್ಯ ಎಲ್ಲರ ನೆರಳನ್ನೂ ಅವರವರ ಕಾಲ ಕೆಳಗೇ ಮಡಚಿಟ್ಟಿದ್ದ. ಮೋಟರ್ ಸೈಕಲ್‌ಗಳು ಹಾದವು. ಭಾರದ ಗಾಡಿಗಳು ಹಾದವು. ಇನ್ನೇನು ಮುಗಿಯಿತು, ಬಸ್ಸು ಸಿಕ್ಕಿತು ಎನ್ನುವಾಗ ಆ ಸದ್ದುಗಳು ಒಮ್ಮೆಲೇ ನಿಂತಂತಾಯಿತು. ಬಾಗಿಲೊಂದು ತೆರೆದು ಮುಚ್ಚಿಕೊಂಡಿತು. ಬೂಟುಗಳು ಸರಬರ ಎಂದವು.

ಬೆನ್ನ ಹಿಂದೆ, ತೀರ ಹತ್ತಿರದಲ್ಲಿ, ಒಂದು ದನಿ. ಹಲಸೂರಿನದೇ ಹಳೆಯ ದನಿ, ನಾಲಗೆ ಸ್ವಲ್ಪ ತೊಡರುತ್ತಿತ್ತು, ಅಷ್ಟೇ.

“ಅಣ್ಣಾ, ಸ್ವಲ್ಪ ದಾರಿ ಬಿಡ್ತೀರಾ? ಒಳಗೆ ಪಿಳ್ಳಮ್ಮಕ್ಕನ ಮನೆಗೆ ಹೋಗ್ಬೇಕು.”

ಭೀಮಾಶಂಕರನ ರಕ್ತ ಕುದಿಯಿತು. ಗಾಡಿಗಳು ನಿಂತಿರುವಾಗಲೂ ಈ ಜನಕ್ಕೆ ತಾರಸಿಯ ಚಪಲ!

“ಆಗಂಗಿಲ್ಲ.”

ಅವನ ಕಿವಿಗೇ ನಂಬಿಕೆಯಾಗಲಿಲ್ಲ. ರೀ ಇರಲಿಲ್ಲ.

“ಎರಡೇ ನಿಮಿಷ, ಅಣ್ಣಾ.”

“ಎರಡ ನಿಮಿಷ ಅಂದವರೇ ಮುಂಜಾನಿಂದ ನನ್ನ ಜೀವ ತಿಂದಾರ. ಆಗಂಗಿಲ್ಲ.”

“ಬಹಳ ದೂರದಿಂದ ಬಂದಿದ್ದೀನಿ.”

“ನಾ ಏನು ಪಕ್ಕದ ಮನಿಯಿಂದ ಬಂದೀನೇನು? ನಾನೂ ದೂರದವನ. ಆಗಂಗಿಲ್ಲ.”

ಎದುರಿಗೆ ಗಲ್ಲಿ ಸ್ತಬ್ಧವಾಗಿತ್ತು. ಮುನಿಆಂಜನಪ್ಪನವರ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ಫಹೀಮನ ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯ ಕೆಟಲಿನಿಂದ ಟೀ ಸೋರಿ ಅವನ ಚಪ್ಪಲಿಯ ಮೇಲೆ ಬೀಳುತ್ತಿದ್ದರೂ ಅವನಿಗೆ ಅರಿವಿಲ್ಲ. ಪಿಳ್ಳಮ್ಮ ಕುರ್ಚಿ ಹಿಡಿದು ಮೆಲ್ಲಗೆ ಎದ್ದು ನಿಂತಳು. ಎಲ್ಲರೂ ತನ್ನ ಗಟ್ಟಿತನಕ್ಕೆ ಬೆರಗಾಗಿದ್ದಾರೆಂದು ಭೀಮಾಶಂಕರನ ಎದೆ ಇನ್ನೂ ಉಬ್ಬಿತು.

“ಒಂದ್ಸಲ ತಿರುಗಿ ನೋಡಿ. ಆಮೇಲೆ ಹೇಳಿ,” ಎಂದಿತು ದನಿ. ಅದರಲ್ಲಿ ನಗುವಿತ್ತು.

“ತಿರುಗಂಗಿಲ್ಲ. ನೀವು ಯಾರರ ಇರ್ರಿ. ಆ ದೇಶದ ಅಧ್ಯಕ್ಷ ಬಂದು ಕೇಳಿದ್ರೂ ಆಗಂಗಿಲ್ಲ ಅಂದ್ರ ಆಗಂಗಿಲ್ಲ!”

 ಹೊಟ್ಟೆಯಿಂದ ಬಂದ ನಗು, ಭುಜದ ಮೇಲೆ ಮೆಲ್ಲಗೆ ಒಂದು ತಟ್ಟು. “ಸರಿ ಅಣ್ಣಾ. ಪಿಳ್ಳಮ್ಮಕ್ಕನಿಗೆ ಹೇಳಿ, ಲೂಯಿ ಬಂದಿದ್ದ ಅಂತ. ಮುದ್ದೆ ಈಗ ಅಗಿಯಲ್ಲ, ನುಂಗ್ತಾನೆ ಅಂತ.”

ಬಾಗಿಲು ಮುಚ್ಚಿತು. ಗಾಡಿಗಳು ಹೊರಟವು. ಸೈರನ್ ಕೆರೆಯ ಕಡೆ ಕರಗಿತು. ಸೀಟಿ ಊದಿದ ಮೇಲೆಯೇ ಭೀಮಾಶಂಕರ ತಿರುಗಿದ್ದು. ರಸ್ತೆ ಖಾಲಿಯಾಗಿತ್ತು.

“ಯಾರಿದ್ರೀ ಅವರು?” ಎಂದು ಫಹೀಮನನ್ನು ಕೇಳಿದ.

ಫಹೀಮ್ ಕೆಟಲು ಕೆಳಗಿಟ್ಟ. ಫೋನಿನ ವಿಡಿಯೊ ಅವನ ಮುಂದೆ ಹಿಡಿದ. ವಿಡಿಯೊದಲ್ಲಿ ಮುಂದೆ ಭೀಮಾಶಂಕರ, ಗೇಟಿನಂತೆ ಚಾಚಿದ ಕೈ. ಅವನ ಹೆಗಲ ಮೇಲಿಂದ ಇಣುಕುತ್ತಿದ್ದ ನರೆತ ತಲೆಯ, ನಗುಮುಖದ ಮನುಷ್ಯ. ಆ ಮನುಷ್ಯನ ಮುಖ ಹದಿನೈದು ದಿನದಿಂದ ಬೆಂಗಳೂರಿನ ಪ್ರತಿ ಸರ್ಕಲ್ಲಿನ ಸ್ವಾಗತದ ಬೋರ್ಡಿನಲ್ಲಿತ್ತು. ಎಡಬಲಕ್ಕೆ ಕಪ್ಪು ಸೂಟುಗಳು.

“ನಮ್ಮ ಲೂಯಿ ಕಣೋ!” ಪಿಳ್ಳಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. “ಮೇಲ್ಗಡೆ ರೂಮಿನ ಲೂಯಿ! ಬೋರ್ಡಲ್ಲಿ ಕೋಟು ಹಾಕ್ಕೊಂಡಿದ್ದ, ಗುರ್ತೇ ಸಿಗ್ಲಿಲ್ಲ. ನಕ್ಕಾಗ ಗೊತ್ತಾಯ್ತು. ಅಯ್ಯೋ ನಿನ್ನ ಮನೆ ಕಾಯ್ವೋಗ, ಒಂದು ತುತ್ತು ಮುದ್ದೆ ತಿಂದು ಹೋಗ್ತಿದ್ನಲ್ಲೋ!”

 ಭೀಮಾಶಂಕರ ಬ್ಯಾರಿಕೇಡ್ ಹಿಡಿದು ನೆಲಕ್ಕೆ ಕುಳಿತ. ಮುನಿಆಂಜನಪ್ಪನವರು ಪಕ್ಕದಲ್ಲಿ ಕುಳಿತು ಸಮಾಧಾನ ಹೇಳಿದರು. “ಸಸ್ಪೆಂಡ್ ಆದ್ರೆ ಚಿಂತೆ ಮಾಡ್ಬೇಡಿ ಸಾರ್. ನಮ್ಮ ಬಿಲ್ಡಿಂಗಿಗೆ ವಾಚ್‌ಮನ್ ಬೇಕಾಗಿದ್ದಾನೆ. ನಿಮ್ಮಂಥೋರೇ ಬೇಕು.”

ಒಂದು ತಾಸಿನಲ್ಲಿ ಫಹೀಮನ ವಿಡಿಯೊ ಫೋನಿಂದ ಫೋನಿಗೆ ಹಾರಿ ಊರೂರು ಸುತ್ತಿತು. ಆಮೇಲೆ ಅಜ್ಮತ್ ಸಾಹೇಬರ ಜೀಪು ಬಂತು. ಹಿಂದೆಯೇ ಕಪ್ಪು ಕನ್ನಡಕ. ಭೀಮಾಶಂಕರ ಎದ್ದು, ಟೋಪಿ ತೆಗೆದು ಎರಡೂ ಕೈಯಲ್ಲಿ ಹಿಡಿದು ತಲೆ ಬಗ್ಗಿಸಿದ. ಕಪ್ಪು ಕನ್ನಡಕ ಅವನೆದುರು ನಿಂತ. ಹದಿನೈದು ದಿನದಲ್ಲಿ ಮೊದಲ ಸಲ ತನ್ನ ಕನ್ನಡಕ ತೆಗೆದ. ಒಳಗೆ ಎಲ್ಲರಿಗೂ ಇರುವಂಥ ಎರಡು ಕಣ್ಣುಗಳೇ ಇದ್ದವು. ಖಡಕ್ಕಾಗಿ ಒಂದು ಸೆಲ್ಯೂಟ್ ಹೊಡೆದ.

“ಅರೇ ಭೀಮಾ!” ಅಜ್ಮತ್ ಸಾಹೇಬರು ಅವನನ್ನು ತಬ್ಬಿಯೇ ಬಿಟ್ಟರು. “ಅಧ್ಯಕ್ಷರು ಊಟಕ್ಕೆ ಕೂತ ಕಡೆ ಇದೇ ಮಾತಂತೆ. ‘ಹನ್ನೆರಡು ವರ್ಷದಿಂದ ಅಧ್ಯಕ್ಷ ಆಗಿದ್ದೀನಿ, ನನಗೆ ಮುಖಕ್ಕೆ ಹೊಡೆದ ಹಾಗೆ ಇಲ್ಲ ಅಂದ ಪೊಲೀಸ್ನ ಇವತ್ತೇ ಕಂಡಿದ್ದು. ಅದೂ ಮುಖ ತೋರಿಸ್ದೆ!’ ಅಂದ್ರಂತೆ. ಕಮಿಷನರ್ ಸಾಹೇಬ್ರು ನನ್ನ ಬೆನ್ನು ತಟ್ಟಿದ್ರು. ನಿನಗೆ ಪ್ರಶಂಸಾಪತ್ರ ಬರುತ್ತೆ!”

ಭೀಮಾಶಂಕರನ ಕಣ್ಣು ತುಂಬಿ ಬಂತು. “ಸರ, ಹಂಗಾರ ರಾತ್ರಿ ಬಸ್ಸು...”

“ಇನ್ನೂ ಕೇಳು! ಇಂಥೋನು ನನ್ನ ಪಕ್ಕದಲ್ಲೇ ಇರ್ಬೇಕು ಅಂತ ಅವರ ಹುಕುಂ. ಮೈಸೂರು, ಹಂಪಿ, ಎಲ್ಲ ಕಡೆ, ಭಾನುವಾರ ಅವರು ವಿಮಾನ ಹತ್ತೋವರ್ಗೂ. ಅಧ್ಯಕ್ಷರಿಂದ ಮೂರೇ ಅಡಿ ದೂರ ನೀನು! ಮುಖ ಮಾತ್ರ ಆ ಕಡೆ, ಗೊತ್ತಲ್ಲ. ಈಗ್ಲೇ ಹೊರಡ್ಬೇಕು. ಆಗುತ್ತೆ ತಾನೇ?”

ಕೆಲವು ಶಾಪಗಳು ವರದ ಉಡುಪಿನಲ್ಲೇ ಬರುತ್ತವೆ. ಭೀಮಾಶಂಕರ ಬಾಯಿ ತೆರೆದ. ಮಂತ್ರ ನಾಲಗೆಯ ತುದಿಯಲ್ಲಿತ್ತು. ರೇವತಿ ಕಲಿಸಿದ ಮಂತ್ರ, ಒಂದು ದೇಶದ ಅಧ್ಯಕ್ಷರ ಮೇಲೆ ಪ್ರಯೋಗಿಸಿ ಗೆದ್ದ ಮಂತ್ರ. ಗಲ್ಲಿಯೆಲ್ಲ ಅವನ ಬಾಯನ್ನೇ ನೋಡುತ್ತಿತ್ತು. ಅಜ್ಮತ್ ಸಾಹೇಬರು ಅಕ್ಕರೆಯಿಂದ ಅವನ ಹೆಗಲ ಮೇಲೆ ಕೈ ಹಾಕಿದರು.

“ಹ್ಞೂಂ ರೀ ಸರ,” ಎಂದ ಭೀಮಾಶಂಕರ.

ಜೀಪಿನಲ್ಲಿ ಕುಳಿತು ಅವನು ಶಹಾಪುರಕ್ಕೆ ಫೋನು ಹಚ್ಚಿದ. ಎತ್ತಿದ್ದೇ ತಡ, ಆ ಕಡೆಯಿಂದ ರೇವತಿಯ ನಗು ಉಕ್ಕಿತು.

“ನೋಡಿದೆರೀ, ವಿಡಿಯೊ ನೋಡಿದೆ! ಹತ್ತು ಮಂದಿ ಕಳಿಸ್ಯಾರ. ನಮ್ಮಪ್ಪ ಬಜಾರ ತುಂಬ ತೋರಿಸ್ಕೊಂತ ಹೋಗ್ಯಾನ, ‘ನಮ್ಮ ಅಳಿಯ, ನಮ್ಮ ಅಳಿಯ’ ಅಂತ. ಏನ್ ಅಂದ್ರಿ ಅದು! ಸೀದಾ, ಖಡಕ್, ಒಂದೂ ರೀ ಇಲ್ಲ. ನಾಳೆ ಗ್ರೌಂಡಿನ್ಯಾಗ ನಮ್ಮ ಹುಡುಗ್ಯಾರಿಗಿ ಅದನ್ನೇ ತೋರಿಸಿ ಕಲಸ್ತೀನಿ.”

ಅವಳು ಇಷ್ಟು ಹಿಗ್ಗಿದ್ದನ್ನು ಅವನು ಎಂದೂ ಕೇಳಿರಲಿಲ್ಲ. ಎದೆಗೆ ಧೈರ್ಯ ಬಂತು. ಇದಕ್ಕಿಂತ ಒಳ್ಳೆಯ ಗಳಿಗೆ ಇನ್ನು ಸಿಗಲಿಕ್ಕಿಲ್ಲ. ದನಿಯನ್ನು ಬೆಣ್ಣೆಯಷ್ಟು ಮೆತ್ತಗೆ ಮಾಡಿಕೊಂಡ.

“ಹಂಗಾರ ರೇವತಿ... ನಿಶ್ಚಯ ಒಂದ ವಾರ, ಬರೇ ಒಂದ ವಾರ, ಮುಂದ ಹಾಕೂಣೇನ್ರಿ?”

ಫೋನಿನ ಆ ತುದಿಯಲ್ಲಿ ನಗು ನಿಂತಿತು. ಆಟದ ಮೈದಾನದಲ್ಲಿ ಎಲ್ಲೋ ಒಂದು ಸೀಟಿ ಕೇಳಿಸಿತು.

“ಆಗಂಗಿಲ್ಲ,” ಎಂದಳು ರೇವತಿ.